ತೂತಿಲ್ಲದ ದೋಸೆ

ಎಲ್ಲರ ಮನೆ ದೋಸೆಯೂ ತೂತು ಎಂಬ ಗಾದೆ ಕಟ್ಟಿದ ಪುಣ್ಯಾತ್ಮರು ಯಾರೋ, ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿಗೆ ಮಾತ್ರ ಬಂದವರಲ್ಲ. 2025ರ ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಾನು ಒಂಬತ್ತು ದೋಸೆ ಹುಯ್ದೆ. ಒಂಬತ್ತರಲ್ಲಿ ಒಂದಕ್ಕೂ ತೂತಿರಲಿಲ್ಲ. ಸೂಜಿಯ ಮೊನೆ ತೂರುವಷ್ಟೂ ಇರಲಿಲ್ಲ. ಅಂದು ನಮ್ಮ ಕಟ್ಟಡದ ಮುಂದೆ ಅಗ್ನಿಶಾಮಕದ ಕೆಂಪು ಗಾಡಿ ಬಂದು ನಿಂತದ್ದಕ್ಕೂ, ಮೂರು ಮಹಡಿಯ ಜನ ಹುಲ್ಲುಹಾಸಿನ ಮೇಲೆ ಪೈಜಾಮದಲ್ಲಿ ನಿಂತದ್ದಕ್ಕೂ ಆ ಇಲ್ಲದ ತೂತೇ ಮೂಲ.

ತೂತಿಗಿಂತ ಹಿಂದಕ್ಕೆ ಹೋದರೆ ಅಕ್ಕಿ ಸಿಗುತ್ತದೆ. 2023ರ ಜುಲೈನಲ್ಲಿ ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿತಲ್ಲ, ಆಗ ಇಲ್ಲಿಯ ಇಂಡಿಯನ್ ಅಂಗಡಿಗಳಲ್ಲಿ ನೂಕುನುಗ್ಗಲು. ಲಕ್ಷಗಟ್ಟಲೆ ಡಾಲರ್ ಸಂಬಳದವರು ಅಕ್ಕಿ ಮೂಟೆಗೆ ಮೈಮೇಲೆ ಬಿದ್ದು ಕಿತ್ತಾಡಿದರು. ನಾನೂ ಓಡಿದೆ. ಸೋನಾ ಮಸೂರಿ ಇಡುತ್ತಿದ್ದ ಜಾಗ ಬೋಳು ಬೋಳು. ಪಕ್ಕದಲ್ಲಿ, ಯಾರೂ ಮುಟ್ಟದೆ, ನನಗಾಗಿಯೇ ಕಾದಂತೆ ಒಂದಷ್ಟು ಮೂಟೆಗಳಿದ್ದವು. 20 ಪೌಂಡಿನವು ನಾಲ್ಕನ್ನು ಹೊತ್ತು ತಂದು ಯುದ್ಧ ಗೆದ್ದವನ ಹಾಗೆ ನಡುಮನೆಯಲ್ಲಿ ಇಳಿಸಿದೆ. ನನ್ನಾಕೆ ಮೂಟೆಯ ಮೇಲಿನ ಅಕ್ಷರ ಓದಿದಳು.

"ರೀ, ಇದು ಇಡ್ಲಿ ಅಕ್ಕಿ. ಕುಸುಬಲಕ್ಕಿ. ಇದನ್ನ ನಿಲ್ಸೇ ಇಲ್ಲ."

ಮರುವರ್ಷ ಸೆಪ್ಟೆಂಬರಿನಲ್ಲಿ ನಿಷೇಧವೇ ಎದ್ದುಹೋಯಿತು. ನಮ್ಮ ಮೂಟೆಗಳು ಮಾತ್ರ ಕೋಟು ನೇತುಹಾಕುವ ಕಪಾಟಿನಲ್ಲಿ ಕೂತೇ ಇದ್ದವು. ಬಂದವರು ಕೋಟು ತೂಗುಹಾಕಲು ಬಾಗಿಲು ತೆಗೆದಾಗಲೆಲ್ಲ "ಏನು, ಅಂಗಡಿ ಇಟ್ಟಿದೀರಾ?" ಎನ್ನುತ್ತಿದ್ದರು. ನನ್ನಾಕೆ ಆಗಾಗ ಇಡ್ಲಿಗೆ ಬಳಸುತ್ತಿದ್ದಳು, ಆದರೆ 80 ಪೌಂಡು ಅಕ್ಕಿಯನ್ನು ಇಡ್ಲಿ ಮಾಡಿ ಮುಗಿಸಲು ಮೂವರು ಸಾಲುವುದಿಲ್ಲ, ಅದಕ್ಕೊಂದು ಮಠವೇ ಬೇಕು.

ಇನ್ನು ಜಂಬದ ವಿಷಯ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಕೈಯಲ್ಲಿ ಕಾಗದದ ತಟ್ಟೆ ಹಿಡಿದು ನಿಂತಿದ್ದೆವು. ಬಿಸಿಬೇಳೆ ಬಾತಿನ ಪಾತ್ರೆ ಇನ್ನೂ ಇಪ್ಪತ್ತು ತಲೆಗಳಾಚೆ ಇತ್ತು. ಹಸಿದ ಕನ್ನಡಿಗರು ಮಾತಾಡುವುದು ಊಟದ ಬಗ್ಗೆಯೇ. ಸನ್ನಿವೇಲ್‌ನ ಎಲ್ ಕಮಿನೋ ರಸ್ತೆಯಲ್ಲಿ ಎಷ್ಟು ಬಗೆಯ ದೋಸೆ ಸಿಗುತ್ತದೆ, ಆದರೂ ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮಸಾಲೆ ದೋಸೆ ಮಾತ್ರ ಏಳು ಸಮುದ್ರದಾಚೆಯೇ ಉಳಿಯಿತಲ್ಲ ಎಂದು ಒಬ್ಬರು ನಿಟ್ಟುಸಿರಿಟ್ಟರು. ನಾನು ಸುಮ್ಮನಿರಬಹುದಿತ್ತು.

"ಅದರಲ್ಲೇನಿದೆ? ಅಕ್ಕಿ, ಉದ್ದು, ತುಪ್ಪ. ಮನೇಲೇ ಮಾಡ್ಬಹುದು. ಬನ್ನಿ ಒಂದಿನ, ನಾನೇ ಮಾಡಿ ಹಾಕ್ತೀನಿ."

ಸಾಲಿನಲ್ಲಿದ್ದ ನಾಲ್ಕು ಮನೆಯವರು ಅಲ್ಲಿಯೇ ಫೋನ್ ತೆಗೆದು ದಿನ ಗುರುತು ಹಾಕಿಕೊಂಡರು. ಇಲ್ಲಿಯ ಜನ ಮದುವೆಗೆ ಕರೆದರೂ ಮೂರು ತಿಂಗಳು ಪುರುಸೊತ್ತಿಲ್ಲ ಎನ್ನುತ್ತಾರೆ, ಮಸಾಲೆ ದೋಸೆ ಎಂದರೆ ಜುಲೈನ ಒಂದು ಭಾನುವಾರ ಐದು ನಿಮಿಷದಲ್ಲಿ ಗೊತ್ತಾಯಿತು. ನನ್ನಾಕೆ ಏನೂ ಮಾತಾಡಲಿಲ್ಲ. ಹನ್ನೊಂದು ವರ್ಷದ ದಾಂಪತ್ಯದಲ್ಲಿ ಆ ಮೌನದ ಅರ್ಥ ನನಗೆ ತಿಳಿದಿರಬೇಕಿತ್ತು.

ದೋಸೆಯಲ್ಲಿ ನನಗಿದ್ದ ಅನುಭವ ಏನೆಂದರೆ, ತಿಂದದ್ದು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದುವಾಗ ತರಗತಿಗಿಂತ ಹೆಚ್ಚು ಹಾಜರಿ ನನ್ನದು ವಿದ್ಯಾರ್ಥಿ ಭವನದಲ್ಲಿತ್ತು. 1943ರಲ್ಲಿ ವಿದ್ಯಾರ್ಥಿಗಳಿಗೆಂದು ಶುರುವಾದ ಹೋಟೆಲು, ಅದಕ್ಕೇ ಆ ಹೆಸರು. ನಾನೂ ವಿದ್ಯಾರ್ಥಿಯಾದ್ದರಿಂದ ಹೋಗುವುದು ಕರ್ತವ್ಯ ಎಂದು ಅಪ್ಪನಿಗೆ ವಾದ ಹೇಳುತ್ತಿದ್ದೆ. ಗೋಡೆಯ ಮೇಲೆ ಕನ್ನಡ ಸಾಹಿತಿಗಳ ಚಿತ್ರಗಳು. ಅವರ ಪುಸ್ತಕ ಓದದೆಯೇ ಅವರೆದುರು ನಾನು ತಿಂದ ದೋಸೆಗೆ ಲೆಕ್ಕವಿಲ್ಲ. ಮುಂಗೈಯಿಂದ ಹೆಗಲವರೆಗೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ಮಾಣಿ, ತುಪ್ಪದಲ್ಲಿ ಕೆಂಪಗೆ ಮಿಂದು ಬಂದ ದೋಸೆ, ಹಿಂದೆಯೇ ಬಕೆಟ್ಟಿನಿಂದ ಧಾರಾಳವಾಗಿ ಸುರಿಯುವ ನೀರು ಚಟ್ನಿ. ಸಾಂಬಾರ್ ಇಲ್ಲ, ಕೇಳಿದರೆ ಹೊಸಬನೆಂದು ತಿಳಿಯುತ್ತಾರೆ. ಶುಕ್ರವಾರ ರಜ. ಈಗಲೂ, ಇಷ್ಟು ದೂರದಲ್ಲಿ, ಶುಕ್ರವಾರ ಬೆಳಿಗ್ಗೆ ನನಗೆ ಕಾರಣವಿಲ್ಲದೆ ಒಂದು ಥರ ಬೇಸರವಾಗುತ್ತದೆ.

ಇಷ್ಟು ತಿಂದವನಿಗೆ ಮಾಡಲು ಬಾರದೇ ಎಂಬುದು ನನ್ನ ತರ್ಕ. ಹಾಗಾದರೆ ವಿಮಾನದಲ್ಲಿ ಓಡಾಡಿದವರೆಲ್ಲ ಪೈಲಟ್ಟೇ ಎಂದು ನನ್ನಾಕೆ ಕೇಳಿದಳು. ಕೇಳಿಸದವನಂತಿದ್ದೆ.

ನಾನು ಸಾಫ್ಟ್‌ವೇರಿನವನು. ಹಿಟ್ಟಿಗೆ ಮೊದಲು ಒಂದು ಎಕ್ಸೆಲ್ ಹಾಳೆ ತೆರೆದೆ. ಮೂವತ್ತು ಯೂಟ್ಯೂಬ್ ವೀಡಿಯೋ ನೋಡಿ ಅಕ್ಕಿ, ಉದ್ದಿನಬೇಳೆ, ಕಡಲೆಬೇಳೆ, ಮೆಂತ್ಯ, ಅವಲಕ್ಕಿಗಳನ್ನು ಗ್ರಾಮಿನ ಲೆಕ್ಕದಲ್ಲಿ ಬರೆದುಕೊಂಡೆ. ಕೆಂಪು ಬಣ್ಣಕ್ಕೆ ಕಡಲೆಬೇಳೆ ಎಂದು ಒಬ್ಬಾಕೆ, ಸಕ್ಕರೆ ಎಂದು ಇನ್ನೊಬ್ಬಾತ, ಇಬ್ಬರೂ ದಡ್ಡರು ಎಂದು ಮೂರನೆಯವರು. ಕೊನೆಗೆ ಅಮ್ಮನಿಗೆ ಫೋನು ಮಾಡಿದೆ. ಬೆಂಗಳೂರು ನಮಗಿಂತ ಹನ್ನೆರಡೂವರೆ ಗಂಟೆ ಮುಂದೆ, ಅಮ್ಮನ ತಿಂಡಿಯ ಹೊತ್ತಿಗೆ ನಮ್ಮದು ರಾತ್ರಿಯೂಟ.

"ಉದ್ದು ಎಷ್ಟು ಹಾಕ್ತೀಯಮ್ಮ?"

"ಅಕ್ಕಿ ನೋಡ್ಕೊಂಡು ಹಾಕೋದು."

"ನೀರು?"

"ಹದ ನೋಡ್ಕೊಂಡು."

"ಎಷ್ಟು ಹೊತ್ತು ರುಬ್ಬೋದು?"

"ಹದ ಬರೋವರ್ಗೂ."

"ಹದ ಬಂದಿದೆ ಅಂತ ಹೇಗೆ ಗೊತ್ತಾಗುತ್ತೆ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮಗ ಅಮೆರಿಕಕ್ಕೆ ಹೋಗಿ ಇಷ್ಟು ಪೆದ್ದನಾದನೇ ಎಂದು ಯೋಚಿಸುತ್ತಿದ್ದಳೆಂದು ಕಾಣುತ್ತದೆ. "ಕೈಗೆ ಗೊತ್ತಾಗುತ್ತಪ್ಪ" ಎಂದಳು. ಎಕ್ಸೆಲ್ ಹಾಳೆಯಲ್ಲಿ 'ಹದ' ಎಂದು ಒಂದು ಕಾಲಂ ಮಾಡಿದೆ. ಅದರ ಕೆಳಗಿನ ಮನೆಗಳೆಲ್ಲ ಇವತ್ತಿಗೂ ಖಾಲಿ ಇವೆ.

ಗುರುವಾರ ರಾತ್ರಿ ರುಬ್ಬುವ ಕಾರ್ಯಕ್ರಮ. ಗ್ರೈಂಡರನ್ನು ನನ್ನಾಕೆ ಕಪಾಟಿನ ಮೇಲಿಂದ ಇಳಿಸಿಕೊಟ್ಟು, "ನಾನು ರುಬ್ಬಿಕೊಡ್ಲಾ?" ಎಂದು ಒಂದೇ ಸಲ ಕೇಳಿದಳು. "ಬೇಡ, ನೀನು ಮಾಡೋದು ಇಡ್ಲಿ. ಇದು ಬೇರೆ" ಎಂದೆ. ಈ ಮಾತನ್ನು ಯಾವ ಗಂಡನೂ ಆಡಬಾರದು, ಅದೂ ವಾರವಾರವೂ ಮಲ್ಲಿಗೆಯಂಥ ಇಡ್ಲಿ ತಿನ್ನುತ್ತಿರುವವನು. ಮೋಟಾರು ಬಿಸಿಯಾಗಿ ಹಿಟ್ಟು ಕಾದರೆ ಹಾಳು, ಐಸ್ ನೀರು ಹಾಕಿ ರುಬ್ಬಿ ಎಂದು ಯೂಟ್ಯೂಬಿನ ಒಬ್ಬ ಪಂಡಿತರು ಹೇಳಿದ್ದರು. ಅವರು ಚೆನ್ನೈನ ಮೇ ತಿಂಗಳಲ್ಲಿ ಕೂತು, ಮಿಕ್ಸಿಯಲ್ಲಿ ರುಬ್ಬುವವರಿಗೆ ಹೇಳಿದ್ದು ಎಂಬುದನ್ನು ನಾನು ಗಮನಿಸಲಿಲ್ಲ. ಎರಡು ಟ್ರೇ ಐಸು ಸುರಿದೆ. ಆಮೇಲೆ ಉಪ್ಪು ಹಾಕಿ ಕಲಸುವಾಗ ಶುಚಿಯಾಗಿರಲಿ ಎಂದು ಕೈಗೆ ನೀಲಿ ಗ್ಲೌಸು ತೊಟ್ಟೆ. ವೀಡಿಯೋ ಕಾಲಿನಲ್ಲಿ ಅಮ್ಮ ನೋಡಿ ಗಾಬರಿಯಾದಳು.

"ಅದೇನೋ ಅದು, ಆಪರೇಷನ್ನೇ? ಬರಿಗೈಲಿ ಕಲ್ಸೋ, ಕೈ ಬಿಸಿ ತಾಗ್ಬೇಕು ಹಿಟ್ಟಿಗೆ!"

ಆ ಮಾತು ಮೂಢನಂಬಿಕೆ ಎಂಬ ಕಾಲಂಗೆ ಹೋಯಿತು.

ಶುಕ್ರವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಹಿಟ್ಟು ರಾತ್ರಿ ಹೇಗೆ ಮಲಗಿತ್ತೋ ಹಾಗೇ ಮಲಗಿತ್ತು. ಒಂದು ಗುಳ್ಳೆ ಇಲ್ಲ, ಒಂದು ಸದ್ದಿಲ್ಲ. ಮಟ್ಟಸವಾಗಿ, ಬಿಳಿ ಬಣ್ಣ ಬಳಿದ ಗೋಡೆಯ ಹಾಗೆ. ಹೊರಗೆ ನೋಡಿದೆ. ಪೆಸಿಫಿಕ್‌ನಿಂದ ಎದ್ದ ಮಂಜು ಬೆಟ್ಟ ದಾಟಿ ಇಳಿದು ಬಂದಿತ್ತು. ಬೇ ಏರಿಯಾದ ಜುಲೈ ಎಂದರೆ ಇದೇ: ಕಡಲ ಕಡೆಯವರು ಸ್ವೆಟರ್ ತೊಟ್ಟು ನಡುಗುವ ಹೊತ್ತಿಗೆ ಬೆಟ್ಟದಾಚೆಯವರು ಪಂಖದಡಿ ಬೆವರುತ್ತಿರುತ್ತಾರೆ. 40 ಕಿಲೋಮೀಟರಿನೊಳಗೆ ಊಟಿಯೂ ಇದೆ, ರಾಯಚೂರೂ ಇದೆ. ನಮ್ಮದು ಊಟಿ, ಮೇಲೆ ಕೊಲ್ಲಿಯ ಗಾಳಿ.

ಆಗ ಶುರುವಾಯಿತು ನನ್ನ ತನಿಖೆ. ಮೊದಲ ಆರೋಪಿ ನೀರು. ನಮ್ಮ ನಲ್ಲಿಗೆ ಬರುವುದು 250 ಕಿಲೋಮೀಟರಿಗೂ ದೂರದ ಯೋಸೆಮಿಟಿಯ ಹೆಚ್ ಹೆಚೀ ಕಣಿವೆಯ ಹಿಮ ಕರಗಿದ ನೀರು. 2004ರಿಂದ ಅದನ್ನು ಶುದ್ಧಮಾಡಲು ಕ್ಲೋರಿನ್ ಬದಲು ಕ್ಲೋರಮಿನ್ ಬಳಸುತ್ತಾರೆ. ಕ್ಲೋರಿನ್ ಆದರೆ ಪಾತ್ರೆಯಲ್ಲಿ ಬಿಟ್ಟರೆ ಹಾರಿಹೋಗುತ್ತದೆ, ಕ್ಲೋರಮಿನ್ ಅಷ್ಟು ಸುಲಭದಲ್ಲಿ ಹೋಗುವುದಿಲ್ಲ. ಅದೇ ನನ್ನ ಹಿಟ್ಟಿನ ಬ್ಯಾಕ್ಟೀರಿಯಾಗಳನ್ನು ಕೊಂದದ್ದು ಎಂದು ಇಪ್ಪತ್ತು ನಿಮಿಷ ಉಪನ್ಯಾಸ ಕೊಟ್ಟೆ. ನನ್ನಾಕೆ ಫ್ರಿಜ್ಜಿನಿಂದ ತನ್ನ ಇಡ್ಲಿ ಹಿಟ್ಟಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಮುಚ್ಚಳವನ್ನು ನೂಕುತ್ತಿತ್ತು ಅದು. "ಇದಕ್ಕೂ ಅದೇ ನಲ್ಲಿ ನೀರೇ" ಎಂದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಾದೆಯಲ್ಲಿ ಅವಳು ಹೆಂಗಸು, ಇಲ್ಲಿ ಗಂಡಸು, ಅಷ್ಟೇ ವ್ಯತ್ಯಾಸ.

ಎರಡನೆಯ ಆರೋಪಿ ಬ್ಯಾಕ್ಟೀರಿಯಾವೇ. ಇದರಲ್ಲಿ ನನಗೆ ಆದ ಅವಮಾನ ಹೇಳತೀರದು, ಏಕೆಂದರೆ ನಾವಿರುವುದು ಹಿಟ್ಟು ಹುದುಗಿಸುವುದರಲ್ಲಿ ಲೋಕಪ್ರಸಿದ್ಧವಾದ ಸೀಮೆ. ಸ್ಯಾನ್ ಫ್ರಾನ್ಸಿಸ್ಕೋದ ಸೋರ್‌ಡೋ ಎಂಬ ಹುಳಿ ಬ್ರೆಡ್ಡು ಚಿನ್ನದ ಬೇಟೆಯ ಕಾಲದಿಂದ ಬಂದದ್ದು. ಅಲ್ಲಿಯ ಬುಡೀನ್ ಬೇಕರಿ ಶುರುವಾದದ್ದು 1849ರಲ್ಲಿ. 1906ರ ಭೂಕಂಪದಲ್ಲಿ ಊರು ಹತ್ತಿ ಉರಿಯುವಾಗ ಆ ಬೇಕರಿಯ ಯಜಮಾನಿ ಲೂಯೀಸ್ ಬುಡೀನ್ ಮಿಕ್ಕದ್ದೆಲ್ಲ ಬಿಟ್ಟು ಹೆಪ್ಪಿನ ಹಿಟ್ಟನ್ನು ಬಕೆಟ್ಟಿಗೆ ಹಾಕಿಕೊಂಡು ಓಡಿದರಂತೆ. ಅದರಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾಕ್ಕೆ 1971ರಲ್ಲಿ ಊರಿನ ಹೆಸರನ್ನೇ ಸೇರಿಸಿ ಲ್ಯಾಕ್ಟೋಬ್ಯಾಸಿಲಸ್ ಸ್ಯಾನ್‌ಫ್ರಾನ್ಸಿಸ್ಕೋ ಎಂದು ನಾಮಕರಣ ಮಾಡಿದರು. ಇದನ್ನೆಲ್ಲ ನನಗೆ ಹೇಳಿದವರು ಕೆಳಮನೆಯ ಅಮೆರಿಕನ್ ಅಜ್ಜ. ನಿವೃತ್ತ ಮೇಷ್ಟ್ರು, ಮನೆಯಲ್ಲಿ ಒಂದು ಗಾಜಿನ ಜಾಡಿಯಲ್ಲಿ ಹದಿನಾಲ್ಕು ವರ್ಷದಿಂದ ಹೆಪ್ಪಿನ ಹಿಟ್ಟು ಸಾಕಿದ್ದಾರೆ. ಊರಿಗೆ ಹೋಗುವಾಗ ಅದಕ್ಕೆ ಊಟ ಹಾಕಲು ಪಕ್ಕದವರಿಗೆ ಕೀಲಿ ಕೊಟ್ಟು ಹೋಗುತ್ತಾರೆ.

ನಮ್ಮ ದೋಸೆ ಹಿಟ್ಟನ್ನು ಉಬ್ಬಿಸುವ ಲ್ಯೂಕೊನೊಸ್ಟಾಕ್ ಎಂಬುದಕ್ಕೆ ಹೊರಗಿನ ಹೆಪ್ಪು ಬೇಕಿಲ್ಲ, ಅದು ಉದ್ದಿನಬೇಳೆಯ ಜೊತೆಗೇ ಬರುತ್ತದೆ. ಅಂದರೆ ನನ್ನ ಬ್ಯಾಕ್ಟೀರಿಯಾಗಳು ಆಗಲೇ ವೀಸಾ, ಸ್ಟಾಂಪಿಂಗ್ ಯಾವ ರಗಳೆಯೂ ಇಲ್ಲದೆ ಬೇಳೆಯ ಪ್ಯಾಕೆಟ್ಟಿನಲ್ಲಿ ಬಂದು ಇಳಿದಿದ್ದವು. ಬಂದವು ಕೆಲಸಕ್ಕೆ ಹತ್ತದೆ ಬೆಂಚಿನ ಮೇಲೆ ಕೂತಿದ್ದವು. ಐಸ್ ನೀರಿನಲ್ಲಿ ಮುಳುಗಿಸಿದವನು ನಾನೇ ಎಂಬುದು ಆಗ ಹೊಳೆದಿರಲಿಲ್ಲ. ವಾತಾವರಣ ಸರಿಯಿಲ್ಲ, ಬಿಸಿ ಊರಿಗೆ ವರ್ಗ ಮಾಡಬೇಕು ಎಂದು ತೀರ್ಮಾನಿಸಿದೆ.

ಬಿಸಿ ಊರಿನಲ್ಲಿ ನನಗೊಬ್ಬ ಗೆಳೆಯನಿದ್ದ. ಊರು ಬೆಟ್ಟದಾಚೆಯ ಪ್ಲೆಸಂಟನ್. ಜುಲೈನಲ್ಲಿ 35 ಡಿಗ್ರಿ ದಾಟುವುದು ಅಲ್ಲಿ ಮಾಮೂಲು.

"ಲೋ, ನಿಮ್ಮನೆ ಗರಾಜಿನಲ್ಲಿ ಒಂದು ರಾತ್ರಿ ನನ್ನ ಹಿಟ್ಟು ಇಟ್ಕೋತೀಯಾ?"

"ಗುರೂ, ಬೆಳಿಗ್ಗೆ ಬೆಳಿಗ್ಗೆ ಕುಡಿದಿದ್ದೀಯಾ?"

ಶನಿವಾರ ಹಿಟ್ಟಿನ ಪಾತ್ರೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ, ಏಳು ವರ್ಷದ ಮಗಳ ಬೂಸ್ಟರ್ ಸೀಟಿನ ಮೇಲೆ ಕೂರಿಸಿ ಬೆಲ್ಟು ಬಿಗಿದೆ. ಮಗಳು ಬಾಗಿಲಲ್ಲಿ ನಿಂತು ಟಾಟಾ ಮಾಡಿದಳು, ನನಗಲ್ಲ. ಸ್ಯಾನ್ ಮಟೇಯೋ ಸೇತುವೆಯ ಮೇಲೆ 11 ಕಿಲೋಮೀಟರು ನೀರಿನ ನಡುವೆ ಹೋಗುವಾಗ ಒಂದು ಯೋಚನೆ ಬಂತು. ಕಾರ್‌ಪೂಲ್ ಲೇನಿನಲ್ಲಿ ಹೋಗಲು ಕಾರಿನಲ್ಲಿ ಒಬ್ಬರಿಗಿಂತ ಹೆಚ್ಚು ಜೀವಿಗಳಿರಬೇಕು. ನನ್ನ ಹಿಂದೆ ಕೋಟ್ಯಂತರ ಜೀವಿಗಳು ಬೆಲ್ಟು ಹಾಕಿಕೊಂಡೇ ಕೂತಿದ್ದವು. ಪೊಲೀಸರು ಹಿಡಿದರೆ ವಾದಿಸಬಹುದಿತ್ತು, ಆದರೆ ಆ ಜೀವಿಗಳು ಬದುಕಿವೆ ಎಂದು ಸಾಬೀತು ಮಾಡುವುದೇ ನನಗೆ ಕಷ್ಟವಿತ್ತು.

ಪ್ಲೆಸಂಟನ್ನಿನಲ್ಲಿ ಕಾರಿನ ಬಾಗಿಲು ತೆಗೆದರೆ ರಾಯಚೂರಿನ ಗಾಳಿ ಮುಖಕ್ಕೆ ಬಡಿಯಿತು. ಪರಮಾನಂದವಾಯಿತು. ಗರಾಜಿನ ಮೂಲೆಯಲ್ಲಿ ಪಾತ್ರೆ ಇಳಿಸಿ, ಉಕ್ಕಿದರೆ ಇರಲೆಂದು ಕೆಳಗೊಂದು ತಟ್ಟೆ ಇಟ್ಟು, ಕಣ್ಣಲ್ಲೇ ಆಶೀರ್ವದಿಸಿ ಬಂದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಹೋದರೆ ಪಾತ್ರೆ ಗರಾಜಿನಲ್ಲಿರಲಿಲ್ಲ. ಗೆಳೆಯನ ಹೆಂಡತಿ ಅಡುಗೆಮನೆಯಿಂದ ಎತ್ತಿ ತಂದುಕೊಟ್ಟರು. "ಅಲ್ಲಿ ಸೆಕೆ ನೋಡಿ, ಹುಳಿ ಬಂದುಬಿಟ್ರೆ ಅಂತ ನಿನ್ನೆ ಮಧ್ಯಾಹ್ನಾನೇ ಒಳಗೆ ತಂದಿಟ್ಟೆ. ಎಸಿ ಹಾಕಿತ್ತಲ್ಲ, ಆರಾಮಾಗಿತ್ತು" ಎಂದರು. ಅವರ ಒಳ್ಳೆಯತನಕ್ಕೆ ಏನು ಹೇಳಲಿ. ಮುಚ್ಚಳ ತೆಗೆದೆ. ಹಿಟ್ಟು ಬೇಸಿಗೆ ರಜಕ್ಕೆ ಹೋಗಿಬಂದವರ ಹಾಗೆ ತಣ್ಣಗೆ, ನೆಮ್ಮದಿಯಾಗಿ ಮಲಗಿತ್ತು. ಅಲ್ಲೊಂದು ಇಲ್ಲೊಂದು ಗುಳ್ಳೆ ಕಂಡ ಹಾಗಾಯಿತು, ಅದು ನನ್ನ ಕಣ್ಣೀರೂ ಇರಬಹುದು. ಆ ಸೇತುವೆಗೆ ಪೂರ್ವಕ್ಕೆ ಹೋಗುವಾಗ ಟೋಲ್ ಇಲ್ಲ, ಪಶ್ಚಿಮಕ್ಕೆ ಬರುವಾಗ ಆಗ 8 ಡಾಲರಿತ್ತು. ಉಬ್ಬದ ಹಿಟ್ಟನ್ನು ದುಡ್ಡು ಕೊಟ್ಟು ವಾಪಸು ಕರೆತಂದೆ.

ಮನೆ ಹತ್ತಿರ ಇನ್ನೊಂದು ಸಣ್ಣ ಪ್ರಸಂಗ. ಫಾಸ್ಟರ್ ಸಿಟಿಯಲ್ಲಿ ಜನಕ್ಕಿಂತ ಕೆನಡಾ ಹೆಬ್ಬಾತುಗಳ ದರ್ಬಾರು ಜಾಸ್ತಿ. ಒಂದು ಸಂಸಾರ, ಅಪ್ಪ ಅಮ್ಮ ಆರು ಮರಿ, ಯಾರ ಮುಲಾಜೂ ಇಲ್ಲದೆ ರಸ್ತೆ ದಾಟುತ್ತಿತ್ತು. ಬ್ರೇಕು ಒತ್ತಿದೆ. ಹಿಂದೆ 'ಗಳಕ್' ಎಂದು ಸದ್ದಾಯಿತು. ಪಾತ್ರೆ ವಾಲಿ ಒಂದೆರಡು ಸೌಟು ಹಿಟ್ಟು ಚೆಲ್ಲಿತ್ತು. ಸೀಟು ಒರೆಸಿದೆ, ಬೆಲ್ಟು ಒರೆಸಿದೆ, ಗಂಟೆ ಏಳಾಗಿತ್ತು, ಕಾರನ್ನು ನಿಲ್ಲಿಸಿ ಮೇಲಕ್ಕೆ ಓಡಿದೆ. ಮಂಜು ಆಗಲೇ ಕರಗಿ ಬಿಸಿಲು ಬಿದ್ದಿತ್ತು.

ಪಲ್ಯ, ಚಟ್ನಿ ಸುಸೂತ್ರವಾಗಿ ಆದವು. ಅವನ್ನು ಮಾಡಿದ್ದು ನನ್ನಾಕೆ.

ಹತ್ತಕ್ಕೆ ನಾಲ್ಕು ಮನೆಯವರೂ ಬಂದರು. ಇಲ್ಲಿ ಯಾರ ಮನೆಗೆ ಹೋದರೂ ಕೈಯಲ್ಲೊಂದು ಪಾತ್ರೆ ಹಿಡಿದು ಹೋಗುವುದು ರೂಢಿ, ನಾನು ಎಲ್ಲರಿಗೂ ಮೆಸೇಜು ಹಾಕಿ ಬರಿಗೈಲಿ ಬರಲು ಆಜ್ಞೆ ಮಾಡಿದ್ದೆ. ಒಬ್ಬರು ಮಾತ್ರ ಬಾಗಿಲ ಬಳಿ ಏನನ್ನೋ ಸೆರಗಿನಡಿ ಮರೆಮಾಡಿ ನನ್ನಾಕೆಯ ಕೈಗೆ ಕೊಟ್ಟದ್ದು ಕಂಡಿತು. ಯಾರ ಮಗುವಿಗೋ ಹಾಲಿರಬೇಕು ಎಂದುಕೊಂಡೆ.

ನಾನು ಸಜ್ಜಾಗಿದ್ದೆ. ಗಾಜಿನ ಮೈಯ ಎಲೆಕ್ಟ್ರಿಕ್ ಒಲೆ, ಮೇಲೆ ಹೊಸ ಬೀಡುಕಬ್ಬಿಣದ ಕಾವಲಿ. ಹೋಟೆಲಿನ ಕಾವಲಿ ಎಂದರೆ ಅಡುಗೆಮನೆಯ ಒಂದು ಬದಿಯನ್ನೇ ತುಂಬುವ ದಪ್ಪ ಕಬ್ಬಿಣದ ಹಲಗೆ, ನೀರೆರಚಿದರೂ ಹಿಟ್ಟು ಹುಯ್ದರೂ ಅದರ ಶಾಖ ಜಗ್ಗುವುದಿಲ್ಲ. ಅದಕ್ಕೆ ಸಮನಾಗಬೇಕಾದರೆ ನನ್ನದನ್ನು ಚೆನ್ನಾಗಿ ಕಾಯಿಸಬೇಕು ಎಂದು ಮುಕ್ಕಾಲು ಗಂಟೆ ಮುಂಚೆಯೇ ಒಲೆ ಹಚ್ಚಿದ್ದೆ. ಅಲ್ಲಿಯ ಭಟ್ಟರು ಚಿಮುಕಿಸಿದ ನೀರಿನ ಸದ್ದಿನಲ್ಲೇ ಕಾವು ತಿಳಿಯುತ್ತಾರೆ. ನಾನು ದೂರದಿಂದಲೇ ಶಾಖ ಅಳೆಯುವ, ಕೆಂಪು ಕಿರಣ ಬಿಡುವ ಪಿಸ್ತೂಲೊಂದನ್ನು ತರಿಸಿದ್ದೆ. ಕಾವಲಿಗೆ ಗುರಿ ಹಿಡಿದು ನಿಂತವನನ್ನು ನೋಡಿ ಮಕ್ಕಳೆಲ್ಲ ಅಡುಗೆಮನೆಗೆ ಓಡಿಬಂದರು. ಹೋಟೆಲಿನಲ್ಲಿ ಕಾವಲಿ ಗುಡಿಸುತ್ತಾರಲ್ಲ, ಅಂಥದೊಂದು ಕಡ್ಡಿ ಪೊರಕೆಯನ್ನೂ ಇಂಡಿಯನ್ ಅಂಗಡಿಯಿಂದ ತಂದಿದ್ದೆ. ಅದನ್ನು ಮಾತ್ರ ನನ್ನಾಕೆ ಕಿತ್ತುಕೊಂಡು ಬಾಲ್ಕನಿಗೆ ಎಸೆದಳು.

ಮೊದಲ ದೋಸೆ ಕಾವಲಿಯನ್ನು ಬಿಟ್ಟು ಏಳಲಿಲ್ಲ. ಮೊದಲ ದೋಸೆ ಯಾರಿಗೂ ಏಳುವುದಿಲ್ಲ, ಅದು ಕಾವಲಿಗೆ ನೈವೇದ್ಯ ಎಂದೆ. ಎಲ್ಲರೂ ಒಪ್ಪಿದರು. ಎರಡನೆಯದೂ ಏಳಲಿಲ್ಲ. ಈರುಳ್ಳಿ ಕತ್ತರಿಸಿ ಉಜ್ಜಿದೆ. ಮೂರನೆಯದು ಎದ್ದಿತು, ಆದರೆ ಮೂರು ರಾಜ್ಯಗಳಾಗಿ ಎದ್ದಿತು. ನಾಲ್ಕನೆಯದು ಇಡಿಯಾಗಿ ಬಂತು. ತಟ್ಟೆಗೆ ಹಾಕಿ ಎಲ್ಲರೂ ಸುತ್ತ ನಿಂತು ನೋಡಿದೆವು. ಬೆಳ್ಳಗೆ, ನುಣ್ಣಗೆ, ಇಸ್ತ್ರಿ ಮಾಡಿದ ಕರವಸ್ತ್ರದ ಹಾಗಿತ್ತು.

"ಅಪ್ಪ, ಇದು ಕ್ರೇಪ್" ಎಂದಳು ಮಗಳು.

ಇಷ್ಟು ಜನರ ಮುಂದೆ ನಾನು ಸಹಿಸಲಿಲ್ಲ. ಸೌಟು ಕೆಳಗಿಟ್ಟು ಪಾಠ ಶುರುಮಾಡಿದೆ. ಮಗೂ, ದೋಸೆಯನ್ನು ಯಾವತ್ತೂ ಕ್ರೇಪ್ ಅನ್ನಬಾರದು. ಅದು ಫ್ರೆಂಚರದ್ದು, ಇದು ನಮ್ಮದು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲೇ ದೋಸೆಯ ಹೆಸರಿದೆ. ಕಲ್ಯಾಣ ಎಂದರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಆಫೀಸಿನಲ್ಲಿ ಯಾರಾದರೂ 'ರೈಸ್ ಕ್ರೇಪ್' ಎಂದರೆ ನಾನು ತಿದ್ದುತ್ತೇನೆ, ಗೊತ್ತಾ? ಪ್ರಾಣ ಹೋದರೂ ಆ ಮಾತು ಬಾಯಲ್ಲಿ ಬರಬಾರದು.

ಅಷ್ಟರಲ್ಲಿ ಹಿಂದೆ ಐದನೆಯದು ಹೊತ್ತಿತು.

ಆರು, ಏಳು, ಎಂಟು, ಒಂದೊಂದೂ ಒಂದೊಂದು ಥರ ಕೆಟ್ಟವು. ಕೆಂಪಗಾಗಲೆಂದು ಒಲೆಯನ್ನು ತುದಿಗೆ ತಿರುಗಿಸಿದೆ, ತುಪ್ಪವನ್ನು ಹುಯ್ದೇ ಹುಯ್ದೆ. ಪಿಸ್ತೂಲು 290 ಡಿಗ್ರಿ ಎಂದು ತೋರಿಸಿತು. ತುಪ್ಪಕ್ಕೂ ತಾಳ್ಮೆಗೆ ಮಿತಿಯಿದೆ. ಒಂಬತ್ತನೆಯ ದೋಸೆಯ ಅಂಚಿನಿಂದ ನೀಲಿ ಹೊಗೆ ಎದ್ದು ಸೂರಿಗೆ ಮುಟ್ಟಿತು, ನಮ್ಮ ಮನೆಯ ಅಲಾರಂ ಕಿರುಚಿಕೊಂಡಿತು. ಇದು ಹೊಸದೇನಲ್ಲ. ಇಲ್ಲಿ ಕನ್ನಡಿಗರ ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿಯುವುದಕ್ಕೂ ಅಲಾರಂ ಕೂಗುವುದಕ್ಕೂ ತಾಳಮದ್ದಲೆ ನಡೆಯುತ್ತಲೇ ಇರುತ್ತದೆ. ನನ್ನಾಕೆ ಟವೆಲು ಬೀಸಿದಳು, ಒಬ್ಬರು ಪಿಜ್ಜಾ ಡಬ್ಬಿಯ ಮುಚ್ಚಳ ಬೀಸಿದರು, ಕಿಟಕಿ ತೆಗೆದದ್ದಾಯಿತು. ಹೊಗೆ ಕದಲಲಿಲ್ಲ.

"ಬಾಗಿಲು ತೆಗೀರಿ, ಹೊಗೆ ಹೋಗ್ಲಿ!" ಎಂದು ಕೂಗಿದವನೂ ನಾನೇ, ಓಡಿಹೋಗಿ ತೆಗೆದವನೂ ನಾನೇ. ಹನುಮಂತನಗರದ ವಠಾರದಲ್ಲಾದರೆ ಅದು ಸರಿಯಾದ ಕ್ರಮ. ಇಲ್ಲಿ ನಮ್ಮ ಬಾಗಿಲು ತೆರೆಯುವುದು ಕಟ್ಟಡದ ಒಳಗಿನ ಕಾರಿಡಾರಿಗೆ. ಮನೆಯೊಳಗಿನ ಅಲಾರಂ ಮನೆಯವರಿಗೆ ಮಾತ್ರ ಬಯ್ಯುತ್ತದೆ. ಕಾರಿಡಾರಿನದ್ದು ಹಾಗಲ್ಲ, ಅದಕ್ಕೆ ಇಡೀ ಕಟ್ಟಡದ ಗಂಟೆ ಜೋಡಿಸಿರುತ್ತಾರೆ, ಅಗ್ನಿಶಾಮಕ ದಳಕ್ಕೂ ಸುದ್ದಿ ಹೋಗುತ್ತದೆ. ನನ್ನ ಒಂಬತ್ತನೆಯ ದೋಸೆಯ ಹೊಗೆ ಮೆರವಣಿಗೆಯಲ್ಲಿ ಹೊರಟು ನೇರ ಅದರ ಮೂಗಿಗೆ ಹೋಯಿತು.

ಮೂರೂ ಮಹಡಿಯಲ್ಲಿ ಗಂಟೆಗಳು ಹೊಡೆದುಕೊಂಡವು, ಬಿಳಿ ದೀಪಗಳು ಮಿಂಚಿದವು. ಒಲೆ ಆರಿಸಿ ಎಲ್ಲರೂ ಮೆಟ್ಟಿಲಿಳಿದೆವು. ಕೆಳಗೆ ಹುಲ್ಲಿನ ಮೇಲೆ ಜನವೋ ಜನ. ಸ್ನಾನದ ಮಧ್ಯೆ ಎದ್ದುಬಂದವರು, ನಾಯಿ ಎತ್ತಿಕೊಂಡವರು, ಲ್ಯಾಪ್‌ಟಾಪ್ ತೆರೆದುಕೊಂಡೇ ಮೀಟಿಂಗಿನಲ್ಲಿದ್ದವರು. ಕೆಳಮನೆಯ ಅಜ್ಜ ಎರಡೂ ಕೈಯಲ್ಲಿ ತಮ್ಮ ಹೆಪ್ಪಿನ ಜಾಡಿಯನ್ನು ಎದೆಗವಚಿಕೊಂಡು ನಿಂತಿದ್ದರು. ಪರ್ಸು, ಪಾಸ್‌ಪೋರ್ಟು ಏನೂ ಇಲ್ಲ, ಜಾಡಿಯೊಂದೇ. ನನ್ನ ಕೈಯಲ್ಲಿ ನೋಡಿಕೊಂಡೆ. ಯಾವ ಗಳಿಗೆಯಲ್ಲಿ ಎತ್ತಿಕೊಂಡೆನೋ, ತಟ್ಟೆಯಲ್ಲಿ ನಾಲ್ಕನೆಯ ದೋಸೆ ಇತ್ತು.

ಕೆಂಪು ಗಾಡಿಯಿಂದ ಇಳಿದ ಆರಡಿ ಎತ್ತರದ ಅಧಿಕಾರಿ, ಮೇಲೆ ಹೋಗಿ ನೋಡಿಬಂದು, ಹೊಗೆ ಬಂದ ಮನೆಯವರು ಯಾರು ಎಂದರು. ನೂರು ಕಣ್ಣುಗಳು ನನ್ನ ತಟ್ಟೆಯ ಕಡೆ ತಿರುಗಿದವು. ಏನು ಅಡುಗೆ ಮಾಡುತ್ತಿದ್ದಿರಿ ಎಂದು ಕೇಳಿದರು. ದೋಸೆ ಎಂದೆ. ಅವರಿಗೆ ತಿಳಿಯಲಿಲ್ಲ. ಎಂಥ ವಸ್ತು ಅದು ಎಂದರು. ಪುಸ್ತಕದಲ್ಲಿ ಬರೆದುಕೊಳ್ಳಲು ಲೇಖನಿ ತೆರೆದು ಹಿಡಿದಿದ್ದರು. ಸೋಮೇಶ್ವರ, ಬಸವಕಲ್ಯಾಣ, ಗಾಂಧಿ ಬಜಾರು ಎಲ್ಲ ನಾಲಿಗೆಯ ತುದಿಗೆ ಬಂದು ನಿಂತವು.

"ಕ್ರೇಪ್" ಎಂದೆ.

ಅಧಿಕಾರಿ ತಟ್ಟೆ ನೋಡಿ ತಲೆಯಾಡಿಸಿ ಬರೆದುಕೊಂಡರು. ಅವರಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ, ಬರುವುದಕ್ಕೆ ಆ ದೋಸೆಯಲ್ಲಿ ತೂತೇ ಇರಲಿಲ್ಲ. ಮಗಳು ಮಾತ್ರ ನನ್ನನ್ನು ನೋಡುತ್ತಿದ್ದಳು. ಪ್ರಾಣ ಇನ್ನೂ ಇದೆಯೇ ಎಂದು ಪರೀಕ್ಷಿಸುವವಳ ಹಾಗೆ.

ಗಂಟೆಗಳು ನಿಂತು ಗಾಡಿ ಹೊರಟಿತು. ಹೊಗೆ ಆರುವವರೆಗೆ ಮನೆಯೊಳಗೆ ಕೂರುವಂತಿರಲಿಲ್ಲ. ಹನ್ನೆರಡು ಗಂಟೆ ಹತ್ತಿರವಾಗಿತ್ತು, ಮಕ್ಕಳು ಹಸಿವೆಂದು ಅಳಲು ಶುರುಮಾಡಿದ್ದವು. ಆಗ ನನ್ನಾಕೆ ಮೇಲೆ ಹೋಗಿ ಅಲ್ಯೂಮಿನಿಯಂ ತಟ್ಟೆಯೊಂದನ್ನು ತಂದಳು. ಬೆಳಿಗ್ಗೆ ಸೆರಗಿನಡಿ ಬಂದದ್ದು ಅದೇ: ಹದಿನೈದು ಜನಕ್ಕಾಗುವಷ್ಟು ಪುಳಿಯೋಗರೆ.

"ಇದು ಯಾವಾಗ ಹೇಳಿದ್ದೆ ಅವರಿಗೆ?" ಎಂದೆ.

"ಯುಗಾದಿ ದಿನಾನೇ. ಆ ಸಾಲಿನಲ್ಲೇ" ಎಂದಳು. "ಹೋಗಿ, ಕಾರಿನಿಂದ ಚಾಪೆ ತನ್ನಿ. ಇಲ್ಲೇ ಕೂತು ತಿನ್ನೋಣ."

ಕಾರಿನ ಕಡೆ ನಡೆಯುತ್ತಿರುವಾಗ ಫೋನು ಬಡಿದುಕೊಂಡಿತು. ಅಮ್ಮ. ಅಲ್ಲಿ ನಡುರಾತ್ರಿ ದಾಟಿದೆ. ಮಗಳು ತನ್ನ ತಾಯಿಯ ಫೋನಿನಿಂದ ಕೆಂಪು ಗಾಡಿಯ ವೀಡಿಯೋ ತೆಗೆದು, ಮುಂದೆ ಹಿಂದೆ ಒಂದಕ್ಷರವಿಲ್ಲದೆ ಅಜ್ಜಿಗೆ ಕಳಿಸಿಬಿಟ್ಟಿದ್ದಳು.

"ಏನಾಯ್ತೋ? ಎಲ್ರೂ ಚೆನ್ನಾಗಿದೀರಾ? ಮನೆಗೆ ಬೆಂಕಿ ಬಿತ್ತೇನೋ?"

"ಇಲ್ಲಮ್ಮ. ದೋಸೆ ಹುಯ್ದೆ ಅಷ್ಟೇ."

ಫೋನನ್ನು ಎತ್ತಿ ಹಿಡಿದುಕೊಂಡೇ ಕಾರಿನ ಹಿಂಬಾಗಿಲು ತೆಗೆದೆ. ಕಿಟಕಿ ಮುಚ್ಚಿ ಐದು ಗಂಟೆ ಬಿಸಿಲಿನಲ್ಲಿ ನಿಂತಿದ್ದ ಕಾರು, ಒಳಗಿನಿಂದ ಬೆಚ್ಚಗೆ ಒಂದು ವಾಸನೆ ಬಂತು. ಗೊತ್ತಿರುವ ವಾಸನೆ. ಚಿಕ್ಕಂದಿನಲ್ಲಿ ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟರೆ ಬರುತ್ತಿದ್ದದ್ದು. ಬಗ್ಗಿ ನೋಡಿದೆ. ಮಗಳ ಬೂಸ್ಟರ್ ಸೀಟಿನ ಪಕ್ಕಕ್ಕೆ ಲೋಟ ಇಡುವ ಒಂದು ಗುಂಡಿ ಇದೆ, ಅದನ್ನು ನಾನು ಒರೆಸಿರಲಿಲ್ಲ. ಹೆಬ್ಬಾತಿನ ಸಂಸಾರದ ದಯದಿಂದ ಅದರೊಳಗೆ ಬಿದ್ದಿದ್ದ ಎರಡು ಸೌಟು ಹಿಟ್ಟು ಕಂಠಪೂರ್ತಿ ಎದ್ದು, ಅಂಚು ಮೀರಿ ಗೋಪುರದಂತೆ ಉಬ್ಬಿ ನಿಂತಿತ್ತು. ಮೈತುಂಬ ತೂತು. ಸಣ್ಣವು, ದೊಡ್ಡವು, ನಾನು ನೋಡುತ್ತಿದ್ದಂತೆಯೇ ಪುಟ್ ಎಂದು ಒಡೆದು ಹೊಸದಾಗಿ ಹುಟ್ಟುತ್ತಿದ್ದವು.

ಫೋನಿನಲ್ಲಿ ಅಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮುಖ ಹತ್ತಿರ ತಂದಳು.

"ನೋಡು, ನೋಡು, ಈಗ ಬಂದಿದೆ ನೋಡು ಹದ! ಇನ್ನು ಒಂದು ಗಳಿಗೇನೂ ಬಿಡ್ಬೇಡ, ಹುಳಿ ಆಗೋಗುತ್ತೆ. ಹೋಗು, ಹೋಗು, ಕಾವಲಿ ಇಡು."